ಎಡಗಿವಿಯ ಕಚ್ಚು

ಮುನಿತಾಯಮ್ಮ ತವರಿನ ಜಗಲಿ ಹತ್ತಿದಾಗ ಒಳಗೆ ಟೇಪ್ ರೆಕಾರ್ಡರ್ ಓಡುತ್ತಿತ್ತು. ಅದರಲ್ಲಿ ಬರುತ್ತಿದ್ದದ್ದು ಹಾಡೂ ಅಲ್ಲ, ಹರಿಕಥೆಯೂ ಅಲ್ಲ, ಅವಳ ಅಣ್ಣ ಪುಟ್ಟಲಿಂಗಯ್ಯನ ತೊದಲು. ಲಕ್ವ ಹೊಡೆದು, ಬಲಗೈ ಬಲಗಾಲು ಬಿದ್ದುಹೋಗಿ, ನಾಲಿಗೆ ಮಡಚಿಕೊಂಡ ಮನುಷ್ಯ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾನೆ. ಅವನ ಪಕ್ಕದಲ್ಲೇ ಕೂತ ಮೂರು ಜನ ಗಂಡಸರು ಅವನ ಮುಖ ನೋಡುವುದು ಬಿಟ್ಟು, ಅವನ ಮಾತನ್ನು ಡಬ್ಬಿಯೊಳಗಿಂದ ಕೇಳುತ್ತಿದ್ದಾರೆ! ಥೂ, ಇವರ ಬುದ್ಧಿಗೆ ಬೆಂಕಿ ಹಾಕ, ಅಂದುಕೊಂಡಳು.

“ಗೆಣೆಕಾರ... ಒಳಗೆ... ಒಡುಟ್ಟು. ಒಡುಟ್ಟು... ಗೆಣೆಕಾರ... ಒಳಗೆ” ಎಂದಿತು ಡಬ್ಬಿ. ಒಬ್ಬ ಅದರ ಕಿವಿ ತಿರುಚಿ ಹಿಂದಕ್ಕೆ ಓಡಿಸಿದ. ಮತ್ತೆ ಅದೇ ಮಾತು.

ಕಿವಿ ತಿರುಚಿದವನು ಅವಳ ತಮ್ಮ ಲಕ್ಕಯ್ಯ. ಕನಕಪುರದಿಂದ ಟೇಪ್ ರೆಕಾರ್ಡರನ್ನು ಎರವಲು ತಂದಿದ್ದವನೂ ಅವನೇ. ಅವನ ಎದುರಿಗೆ ಬೋರಲಿಂಗಯ್ಯ, ಪುಟ್ಟಲಿಂಗಯ್ಯನ ಜೊತೆಯಲ್ಲಿ ಚಿಕ್ಕಂದಿನಿಂದ ಕುರಿ ಮೇಯಿಸಿದ ಗೆಣೆಕಾರ, ದೊಡ್ಡಿ ಅಂತ ಕರೆಯುವ ಪಕ್ಕದ ಪುಟ್ಟ ಊರಿನವನು. ಇವರಿಬ್ಬರ ನಡುವೆ ಕನ್ನಡಕ ಮೂಗಿಗಿಳಿಸಿ ಕೂತವರು ರಿಟೈರಾದ ನಂಜುಂಡಯ್ಯ ಮೇಷ್ಟ್ರು. ಪುಟ್ಟಲಿಂಗಯ್ಯನಿಗೆ ಮಕ್ಕಳಿಲ್ಲ. ಅವನ ಮಂದೆಯನ್ನು ಇನ್ನು ಮೇಲೆ ಯಾರು ಕಾಯಬೇಕು ಅನ್ನುವುದು ಶುಕ್ರವಾರ ಊರವರ ಮುಂದೆ ತೀರ್ಮಾನವಾಗಬೇಕಿತ್ತು. ಅವನ ಬಾಯಿಂದ ಬರುತ್ತಿದ್ದದ್ದು ಇದೊಂದೇ ಮಾತು. ಹಾಗಾಗಿ ಈ ಮಾತಿನ ಅರ್ಥ ಯಾರ ಪಾಲಿಗೆ ಬಂದರೆ ಕುರಿಯೂ ಅವರ ಪಾಲಿಗೆ.

ಮುನಿತಾಯಮ್ಮನಿಗೆ ಆ ಮಂದೆ ಬೇಕಿರಲಿಲ್ಲ. “ನಿನ್ನ ಎಸ್ರು ಎತ್ತಿದ್ರೆ ಒದ್ದಾಡ್ತಾವ್ನೆ, ಒಂದ್ಸಲ ಬಂದೋಗವ್ವ” ಎಂದು ಅತ್ತಿಗೆ ಸರಸಮ್ಮ ಹೇಳಿ ಕಳಿಸಿದ್ದಕ್ಕೆ ಗುಡೇಮಾರನಹಳ್ಳಿಯಿಂದ ನಾಲ್ಕು ಬಸ್ಸು ಬದಲಾಯಿಸಿ ಬಂದಿದ್ದಳು. ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನನ್ನ ಕುರಿಯನ್ನು ಏನು ಮಾಡಿದೆ? ಸಾಯುವ ಮೊದಲಾದರೂ ಈ ಮನುಷ್ಯ ಅದಕ್ಕೆ ಉತ್ತರ ಕೊಡಬೇಕು.

ಆ ಕುರಿಯ ಕಥೆ ಹೀಗೆ. ಅವಳ ಮದುವೆಯಲ್ಲಿ ಅಣ್ಣ ಬಳುವಳಿ ಅಂತ ಒಂದು ಹೆಣ್ಣುಮರಿ ಕೊಟ್ಟಿದ್ದ. ಬಳುವಳಿ ಕುರಿ ಹೆಣ್ಣಿನ ಜೊತೆ ಹೋಗುವುದಿಲ್ಲ. ಅವಳು ಕೇಳುವ ತನಕ ತವರಿನ ಮಂದೆಯಲ್ಲೇ ಮೇಯುತ್ತದೆ, ಈಯುತ್ತದೆ, ಅದರ ಸಂತತಿಯೆಲ್ಲ ಅವಳದ್ದು. ಬೆರೆತು ಹೋಗದಿರಲಿ ಅಂತ ಕಿವಿಗೆ ಗುರುತು ಮಾಡುತ್ತಾರೆ. ಮನೆಯ ಕುರಿಗೆಲ್ಲ ಬಲಗಿವಿಯಲ್ಲಿ ಒಂದು ಕಚ್ಚು. ಮನೆಮಗಳ ಕುರಿಗೆ ಅದರ ಜೊತೆಗೆ ಎಡಗಿವಿಯ ಕೆಳಗಡೆಯೂ ಒಂದು. ಅವತ್ತು ಮರಿಯನ್ನು ಹಿಡಿದುಕೊಂಡವಳು ಅರಿಶಿನದ ಮೈಯಲ್ಲಿದ್ದ ಅವಳೇ. ಕಚ್ಚು ಹಾಕಿ ಮುಗಿಸಿದ ಅಣ್ಣ ಅವಳ ಎಡಗಿವಿ ಹಿಂಡಿ, “ನಿಂಗೂ ಒಂದು ಹಾಕ್ಬುಡ್ಲಾ?” ಎಂದು ನಕ್ಕಿದ್ದ.

ಹನ್ನೊಂದು ವರ್ಷ ಕಳೆದು ಗಂಡ ಸತ್ತಾಗ ಅವಳು ಕುರಿ ಕೇಳಲು ಬಂದಳು. ಅಣ್ಣ ತಮ್ಮ ಬೇರೆಯಾಗುತ್ತಿದ್ದ ವರ್ಷ ಅದು. ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. “ಚಿರತೆ ಇಡ್ಕೊಂಡೋಯ್ತು ಕಣವ್ವ, ನಿಂದು ಒಂದೂ ಉಳೀನಿಲ್ಲ” ಅಂದ ಪುಟ್ಟಲಿಂಗಯ್ಯ, ಎಡಗಿವಿ ತುರಿಸಿಕೊಳ್ಳುತ್ತ. ಚಿರತೆಯಂತೆ! ಇಡೀ ಮಂದೆಯಲ್ಲಿ ಎಡಗಿವಿ ನೋಡಿ ನೋಡಿ ಹಿಡಿದ ಚಿರತೆ! ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುವ ಕಳ್ಳ ಅಂತ ಅಂಗಳದಲ್ಲಿ ಉಗಿದು, ಈ ಮನೆಯಲ್ಲಿ ಇನ್ನು ಒಂದು ತೊಟ್ಟು ನೀರು ಮುಟ್ಟಿದರೆ ನಾನು ಅಪ್ಪನಿಗೆ ಹುಟ್ಟಿದವಳೇ ಅಲ್ಲ ಅಂದು ಹೋದಳು. ಇಪ್ಪತ್ತೆರಡು ವರ್ಷ ಮುಟ್ಟಲಿಲ್ಲ. ತಾಯಿ ಸತ್ತಾಗ ಬಂದವಳು ಕುಡಿಯುವ ನೀರನ್ನು ಚೊಂಬಿನಲ್ಲಿ ಜೊತೆಗೇ ತಂದಿದ್ದಳು.

ಇವತ್ತೂ ಸರಸಮ್ಮ ಕೊಟ್ಟ ನೀರನ್ನು ಕಾಲಿಗೆ ಮಾತ್ರ ಸುರಿದುಕೊಂಡು ಒಳಗೆ ಬಂದು ಗೋಡೆಗೆ ಒರಗಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನೋಡಿ, ಇದು ಸಾಮಾನ್ಯ ಮಾತಲ್ಲ. ಗೆಣೆಕಾರನ ಒಳಗೆ ಒಡಹುಟ್ಟು, ಒಡಹುಟ್ಟಿನ ಒಳಗೆ ಗೆಣೆಕಾರ. ಸ್ನೇಹಿತನಲ್ಲಿ ಸಹೋದರನನ್ನು ಕಾಣು, ಸಹೋದರನಲ್ಲಿ ಸ್ನೇಹಿತನನ್ನು ಕಾಣು. ಅದ್ವೈತ ಇದು, ಶುದ್ಧ ಅದ್ವೈತ! ಕುರಿ ಕಾಯೋನ ಬಾಯಲ್ಲಿ ಇಂಥ ಮಾತು ಬರಬೇಕಾದರೆ...”

“ಅದೇ ನಾನೂ ಯೋಳಿದ್ದು” ಅಂದ ಬೋರಲಿಂಗಯ್ಯ ಕಣ್ಣೊರೆಸಿಕೊಂಡು. ಒರೆಸಲು ಅಲ್ಲಿ ಏನೂ ಇರಲಿಲ್ಲ. “ಗೆಣೆಕಾರನೇ ನಂಗೆ ಒಡುಟ್ಟಿದೋನು ಅಂತ ಅವ್ನ ಎದೆ ಒಳಗೆ ಐತೆ. ಮಂದೆ ನನ್ ಕೈಗೆ ಅಂತ್ಲೇ ಅದ್ರ ಅರ್ಥ.”

“ನಿನ್ ತಲೆ! ಒಡುಟ್ಟಿದೋನು ನಾನು ಕಣ್ಲಾ” ಅಂದ ಲಕ್ಕಯ್ಯ. “ಗೆಣೆಕಾರನ್ನ ಒಳಗೆ ಸೇರಿಸ್ಬ್ಯಾಡ, ಒಡುಟ್ಟಿದೋನ್ನ ಒಳಗೆ ಕರ್ಕೋ ಅಂತಾವ್ನೆ. ಇನ್ನೊಂದ್ಸಲ ಆಕ್ತೀನಿ, ಸರ್ಯಾಗಿ ಕೇಳು.”

ಮತ್ತೆ ಡಬ್ಬಿಯ ಕಿವಿ ತಿರುಗಿತು.

ಮೇಷ್ಟ್ರು ಪುಟ್ಟಲಿಂಗಯ್ಯನ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಅವನ ಎಡಗೈ ಆಡುತ್ತದೆ, ಕಣ್ಣು ಆಡುತ್ತದೆ, ಏನೋ ಹೇಳಬೇಕು ಅಂತ ಕತ್ತಿನ ನರ ಉಬ್ಬುತ್ತದೆ. ಅಯ್ಯಾ, ಇಷ್ಟೊಂದು ವಿದ್ಯೆ ಇದ್ದೂ ಎದುರಿಗಿರುವವನನ್ನೇ ಒಂದು ಮಾತು ಕೇಳೋಣ ಅಂತ ಹೊಳೆಯಲಿಲ್ಲವಲ್ಲ! ಲಕ್ಕಯ್ಯನಿಗಾದರೂ ಹುಟ್ಟಿದಾಗಿನಿಂದ ಬುದ್ಧಿ ಕಮ್ಮಿ, ಆಸೆ ಜಾಸ್ತಿ. ಬೋರಲಿಂಗಯ್ಯನೋ, ಸತ್ತ ಕುರಿಯ ಉಣ್ಣೆಯನ್ನೂ ಬಿಡದ ಆಸಾಮಿ. ಓದಿದ ಈ ಮೇಷ್ಟ್ರಿಗೇನು ಬಂತು ಧಾಡಿ?

“ನೀವು ಮೂರೂ ಜನ ಒಸಿ ಬಾಯ್ ಮುಚ್ಕಳಿ” ಎಂದು ಅವಳು ಅಣ್ಣನ ಎಡಮಗ್ಗುಲಿಗೆ ಬಂದು ಕೂತಳು. ಕನಿಕರದಿಂದಲ್ಲ. ಆ ಮುಖ ನೋಡಿದರೆ ಈಗಲೂ ಅವಳ ಹೊಟ್ಟೆ ಉರಿಯುತ್ತಿತ್ತು. “ಯೋಳು. ನನ್ ಕುರಿ ಏನಾಯ್ತು?”

ಪುಟ್ಟಲಿಂಗಯ್ಯನ ಕಣ್ಣು ದೊಡ್ಡದಾಯಿತು. ಎಡಗೈ ಮೇಲೆದ್ದಿತು. ಹತ್ತಿರವಿದ್ದ ಅವಳ ಬಲಗಿವಿಯನ್ನು ದಾಟಿ, ಕತ್ತಿನ ಹಿಂದಿನಿಂದ ಬಳಸಿ ಹೋಗಿ, ಎಡಗಿವಿಯನ್ನು ಹಿಡಿಯಿತು. ಹಿಡಿದು, ಕೆಳಗಡೆ ಉಗುರಿನಿಂದ ಚುಚ್ಚಿ ಹಿಂಡಿತು. “ಗೆಣೆಕಾರ... ಒಳಗೆ” ಅಂದ. ಮತ್ತೆ ಹಿಂಡಿದ. “ಒಡುಟ್ಟು.”

“ಆಹಾ!” ಅಂದರು ಮೇಷ್ಟ್ರು. “ತಂಗಿಯ ಕಿವಿ ಹಿಡಿದು ಕ್ಷಮೆ ಬೇಡ್ತಿದಾನೆ.”

“ಕ್ಷಮೆ ಬೇಡೋರು ಅವ್ರವ್ರ ಕಿವಿ ಇಡ್ಕೊತಾರೆ ಮೇಷ್ಟ್ರೇ. ನಿಮ್ ಇಸ್ಕೂಲ್ನಾಗೆ ಅದ್ನೂ ಯೋಳ್ಕೊಟ್ಟಿಲ್ವಾ?” ಅಂದಳು ಮುನಿತಾಯಮ್ಮ. ಹೇಳಿದ್ದೇನೋ ಹೇಳಿದಳು. ಆದರೆ ಕಿವಿಯ ಉರಿ ಎದೆಗಿಳಿದಿತ್ತು. ಇದೇ ಕಿವಿ. ಇದೇ ಜಾಗ. ಇದೇ ಕೈ. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು. “ಬೋರಣ್ಣ, ನಿನ್ ಕುರಿ ರೊಪ್ಪ ಒಂದ್ಸಲ ನೋಡ್ಬೇಕಲ್ಲ ನಾನು.”

“ನನ್ ರೊಪ್ಪದಾಗೆ ಏನೈತವ್ವ ನೋಡಾಕೆ? ಸಗಣಿ ಗಲೀಜು.”

“ಗಲೀಜು ನೋಡಾಕೇ ಬತ್ತೀನಿ.”

ಬೋರಲಿಂಗಯ್ಯನ ದೊಡ್ಡಿ ಕೂಗಳತೆ ದೂರ. ಅವಳು ಮುಂದೆ, ಪಂಚೆ ಎತ್ತಿಕಟ್ಟಿದ ಬೋರಲಿಂಗಯ್ಯ ಅವಳ ಹಿಂದೆ, ಅವನ ಹಿಂದೆ ಲಕ್ಕಯ್ಯ, ಎಲ್ಲರಿಗಿಂತ ಹಿಂದೆ ಛತ್ರಿ ಊರಿಕೊಂಡು ಅದ್ವೈತದ ಮೇಷ್ಟ್ರು. ಹೊತ್ತು ಇಳಿಯುತ್ತಿತ್ತು. ಕುರಿಗಳು ಮೇವಿನಿಂದ ಬಂದು ರೊಪ್ಪ ಸೇರಿದ್ದವು. ಮುಳ್ಳಿನ ಪಡಿ ಸರಿಸಿ ಅವಳು ಒಳಗೆ ನುಗ್ಗಿದಳು. ಕುರಿ ಹಿಡಿಯುವ ಕೈ ಮರೆತುಹೋಗಿರಲಿಲ್ಲ. ಒಂದನ್ನು ಮಂಡಿಯ ಸಂದಿನಲ್ಲಿ ಅದುಮಿ ಕಿವಿ ತಡವಿದಳು. ನಡುವೆ ತೂತು, ಅದು ಬೋರಲಿಂಗಯ್ಯನ ಗುರುತು. ಬಿಟ್ಟಳು. ಇನ್ನೊಂದೂ ಅವನದ್ದೇ. ಮೂರನೆಯದು ಮುದಿ ಕುರಿ, ಹಲ್ಲು ಉದುರಿದ್ದು. ಬಲಗಿವಿಯಲ್ಲಿ ಒಂದು ಕಚ್ಚು. ಎಡಗಿವಿಯ ಕೆಳಗಡೆ ಒಂದು ಕಚ್ಚು.

ಅದರ ಪಕ್ಕದ್ದಕ್ಕೂ ಅದೇ. ಅದರ ಆಚೆಯದಕ್ಕೂ. ಅವಳು ಎಣಿಸಲು ಹೋಗಲಿಲ್ಲ. ಎಣಿಸಲು ಕಣ್ಣು ಕಾಣುತ್ತಿರಲಿಲ್ಲ.

ಮೂಲೆಯಲ್ಲಿ ನಾಲ್ಕೈದು ಮರಿಗಳು ತಲೆ ಕೊಡವುತ್ತಿದ್ದವು. ಒಂದನ್ನು ಎತ್ತಿಕೊಂಡಳು. ಬಲಗಿವಿಯಲ್ಲಿ ಮನೆಯ ಕಚ್ಚು ಹಾಗೇ ಇತ್ತು. ಎಡಗಿವಿ ಅರ್ಧಕ್ಕರ್ಧ ಇಲ್ಲ, ಅವಳ ಕಚ್ಚು ಇರಬೇಕಾದ ಜಾಗವೂ ಅದರ ಜೊತೆಗೇ ಹೋಗಿದೆ. ಕತ್ತರಿಸಿದ ಗಾಯಕ್ಕೆ ಅರಿಶಿನ ಮೆತ್ತಿತ್ತು, ಇನ್ನೂ ಒಣಗಿರಲಿಲ್ಲ. ಉಳಿದ ಮರಿಗಳಿಗೂ ಹಾಗೇ.

“ಇದೇನ್ಲಾ ಇದು?”

“ಹುಳ ಬಿದ್ದಿತ್ತು. ಅದ್ಕೇ ಕುಯ್ದಾಕ್ದೆ.”

“ಎಲ್ಲಕ್ಕೂ ಎಡಗಿವಿಗೇ ಬಿತ್ತಾ ಹುಳ? ನಮ್ಮಣ್ಣನ ಕೈ ಬಿದ್ದೋದ ಮ್ಯಾಲೆ ಬಿದ್ದ ಹುಳ! ಲೇ ಬೋರ, ಹುಳ ಬಿದ್ದಿರಾದು ನಿನ್ ನಾಲ್ಗೆಗೆ ಕಣೋ! ಬಲಗಿವಿ ಕುಯ್ಯಾದು ಯಾವಾಗ? ಶುಕ್ರವಾರ ಕಳದ್ ಮ್ಯಾಲಾ? ಎದೆ ಒಳಗೆ ಐತೆ ಅಂದಲ್ಲ, ಇಲ್ನೋಡು ಎಲ್ಲಿ ಒಳಗೆ ಐತೆ ಅಂತ! ಒಡುಟ್ಟಿದೋಳ ಕುರಿ ಗೆಣೆಕಾರನ ರೊಪ್ಪದೊಳಗೆ ಐತೆ. ಇಷ್ಟೇ ಕಣ್ರೋ ಅವ್ನು ಯೋಳ್ತಿದ್ದದ್ದು!”

ಬೋರಲಿಂಗಯ್ಯ ಪಂಚೆ ಇಳಿಬಿಟ್ಟ. “ನಾನೇನು ಕದ್ದಿಲ್ಲ. ಅವ್ನೇ ತಂದ್ಬುಟ್ಟ. ಪಾಲಾಗೋ ವರ್ಷ ಈ ಲಕ್ಕ, ಬಳುವಳಿ ಗಿಳುವಳಿ ಎಲ್ಲಾ ಬರೀ ಬಾಯ್ಮಾತು, ಅವೂ ಪಾಲಿಗೇ ಅಂತ ಕೂತಿದ್ದ. ಅದ್ಕೇ ಚಿರತೆ ಇಡೀತು ಅಂತ ಊರ್ಗೆಲ್ಲ ಯೋಳಿ, ರಾತ್ರೋರಾತ್ರಿ ನನ್ ಮಂದೆಗೆ ಸೇರ್ಸಿ, ನನ್ ತಂಗಿ ಬಂದ್ ಕೇಳಗಂಟ ಕಾಯ್ಲಾ ಅಂದ. ವರ್ಷಾ ವರ್ಷಾ ಅವ್ನೇ ಬಂದು ಮರಿಗೆ ಕಚ್ಚು ಆಕ್ಹೋಗೋನು. ಗೊತ್ತಾದ್ರೆ ಲಕ್ಕ ಪಾಲ್ಗೆ ಬತ್ತಾನೆ ಅಂತ ಮನೇವ್ರಿಗೂ ಬಾಯ್ಬುಡ್ನಿಲ್ಲ. ನೀನು ತಿರ್ಗಾ ಬಂದ್ಯಾ? ಕೇಳಿದ್ಯಾ?”

ಲಕ್ಕಯ್ಯ ಬೇಲಿಯ ಮುಳ್ಳು ಕೀಳುತ್ತ ನಿಂತ. ಮೇಷ್ಟ್ರು ಛತ್ರಿ ಬಿಚ್ಚಿದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಮುನಿತಾಯಮ್ಮ ಇಬ್ಬರಿಗೂ ಉಗಿಯಲು ಬಾಯಿ ತುಂಬಿಕೊಂಡಿದ್ದಳು. ಉಗಿಯಲಿಲ್ಲ. ಆ ದಿನ ಬಾಗಿಲಲ್ಲಿ ಅಣ್ಣನ ಪಕ್ಕದಲ್ಲೇ ಈ ಲಕ್ಕಯ್ಯ ಕಿವಿ ನಿಮಿರಿಸಿ ನಿಂತಿದ್ದ. ಅವನ ಎದುರಿಗೆ ಬಾಯಿ ಬಿಡಲಾಗದೆ ಅಣ್ಣ ಎಡಗಿವಿಯನ್ನು ಕೆರೆದುಕೊಂಡಿದ್ದ. ತುರಿಕೆಯಲ್ಲ ಅದು! ಮದುವೆಯ ದಿನ ಮರಿಗೆ ಕಚ್ಚು ಹಾಕಿದ ಜಾಗವನ್ನೇ ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ಅವಳು ನೋಡಿದ್ದಳು. ನೋಡಿ ಕಳ್ಳ ಅಂದಿದ್ದಳು. ಇನ್ನೊಂದು ಗಳಿಗೆ ನಿಂತು, ಇದೇನಣ್ಣ ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಆ ಮೇಷ್ಟ್ರನ್ನು ಬೈದಳಲ್ಲ, ಎದುರಿಗಿರುವವನ ಮುಖ ನೋಡಲಿಲ್ಲ ಅಂತ? ಅವರು ನೋಡದೆ ಹೋದದ್ದು ಒಂದು ಮಧ್ಯಾಹ್ನ. ಇವಳು ಇಪ್ಪತ್ತೆರಡು ವರ್ಷ. ಥೂ ನಿನ್ನ ಜನ್ಮಕ್ಕಿಷ್ಟು ಮುನಿತಾಯಿ, ಅಂದುಕೊಂಡಳು.

ಕಿವಿ ಹೋದ ಮರಿಯನ್ನು ಹೊತ್ತುಕೊಂಡೇ ತವರಿಗೆ ಬಂದಳು. ಟೇಪ್ ರೆಕಾರ್ಡರನ್ನು ಕಾಲಿನಿಂದ ಆಚೆಗೆ ತಳ್ಳಿ, ಮರಿಯನ್ನು ಅಣ್ಣನ ಎದೆಯ ಹತ್ತಿರ ಬಿಟ್ಟಳು. ಪುಟ್ಟಲಿಂಗಯ್ಯ ಅದರ ಅರ್ಧ ಕಿವಿಯನ್ನು ಬೆರಳಲ್ಲಿ ಸವರಿದ. ಅವನ ಮುಖದ ಆಡುವ ಅರ್ಧ ಭಾಗ ಅಳುತ್ತಿತ್ತು.

“ಸಿಕ್ಕವೆ ಕಣಣ್ಣ. ಎಲ್ಲಾ ಸಿಕ್ಕವೆ” ಎಂದು ಅವಳು ಅವನ ಕೈಗೆಟಕುವಂತೆ ಬಗ್ಗಿ ಎಡಗಿವಿ ಒಡ್ಡಿದಳು. “ತಕ, ಇದಕ್ಕೂ ಒಂದು ಕಚ್ಚು ಆಕು. ಇದ್ದೂ ಕೇಳ್ದಿರೋ ಕಿವಿ ಇದು.”

ಅವನು ಹಿಂಡಲಿಲ್ಲ, ಸುಮ್ಮನೆ ಹಿಡಿದುಕೊಂಡ.

ಅವಳು ಕತ್ತು ಎತ್ತದೆ, ಅಡುಗೆಮನೆಯ ಕಡೆಗೆ ಗಟ್ಟಿಯಾಗಿ ಕೂಗಿದಳು:

“ಅತ್ಗೆ, ಒಂದು ಮುದ್ದೆ ಇಕ್ಕು. ಹಸೀತಾ ಐತೆ.”