ಕೊಟ್ರಪ್ಪನ ಕರಡಿಗೆ

ಬಣ್ಣ ಬಳಿಯಲು ಬಂದ ಇಬ್ಬರನ್ನೂ ಹೊನ್ನವ್ವ ಮನೆಮಕ್ಕಳಂತೆ ನೋಡಿಕೊಂಡಿದ್ದಳು. ಮಧ್ಯಾಹ್ನ ಬಿಸಿ ರೊಟ್ಟಿ, ಸಂಜೆ ಮಂಡಕ್ಕಿ-ಮಿರ್ಚಿ. ಅವರೂ ಬಾಯಿ ತುಂಬ "ಯವ್ವಾ" ಎನ್ನುತ್ತಿದ್ದರು. ಅರ್ಧ ಗೋಡೆಗೆ ಬಣ್ಣ ಹಚ್ಚಿ ಹೋದವರು ಮರುದಿನ ಬರಲಿಲ್ಲ. ಪೆಟ್ಟಿಗೆ ತೆರೆದು ನೋಡಿದರೆ, ತೀರಿಹೋದ ಗಂಡ ಕೊಟ್ರಪ್ಪನ ಬೆಳ್ಳಿಯ ಕರಡಿಗೆ ಇರಲಿಲ್ಲ. ಅದನ್ನು ಸುತ್ತಿಟ್ಟಿದ್ದ ಬಟ್ಟೆ ಮಾತ್ರ ನೆಲದ ಮೇಲೆ ಬಿದ್ದಿತ್ತು.

ಕೊಟ್ರಪ್ಪನನ್ನು ಮಣ್ಣು ಮಾಡುವಾಗ ಇಷ್ಟಲಿಂಗ ಅವನ ಜೊತೆಗೇ ಹೋಗಿತ್ತು. ಲಿಂಗ ಇರಿಸಿಕೊಳ್ಳುತ್ತಿದ್ದ ಕರಡಿಗೆಯನ್ನು ಹೊನ್ನವ್ವ ಮೊಮ್ಮಗಳು ಸುಶ್ಮಿತಾಳಿಗೆಂದು ಎತ್ತಿಟ್ಟಿದ್ದಳು. ಲಿಂಗದೀಕ್ಷೆಯ ದಿನ ಅಜ್ಜನದು ಹುಡುಗಿಯ ಕೊರಳಿಗೆ ಬರಬೇಕು. ಮನೆಗೆ ಬಣ್ಣ ಹಚ್ಚಿಸಲು ಹೊರಟದ್ದೂ ಆ ದಿನಕ್ಕಾಗಿಯೇ.

ಪೊಲೀಸರಿಗೆ ಹೇಳಿದ್ದಾಯಿತು. ಮಗ ಹಾವೇರಿ, ರಾಣೇಬೆನ್ನೂರಿನ ಬೆಳ್ಳಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದ. ಸಿಟ್ಟು ಯಾರ ಮೇಲೆ ತೀರಿಸಬೇಕು? ಆ ಬಡಪಾಯಿ ಬಟ್ಟೆ ಸಿಕ್ಕಿತು. ಗಾಳಿಗೆ ಬಡಿದುಕೊಳ್ಳುವ ಕಿಟಕಿಯ ಸಂದಿಗೆ ಅದನ್ನು ತುರುಕಿದಳು. ಬೇರೆ ಕೆಲಸದವರನ್ನು ಹೊಸ್ತಿಲು ದಾಟಗೊಡಲಿಲ್ಲ. ಅರ್ಧ ಹಳದಿ, ಅರ್ಧ ಮಾಸಿದ ಸುಣ್ಣದ ಗೋಡೆ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬೆಳ್ಳಿ ಹೋದದ್ದಕ್ಕಿಂತ, ತನ್ನ ಕೈಯ ರೊಟ್ಟಿ ತಿಂದವರೇ ಒಯ್ದರಲ್ಲ ಎಂಬುದು ಹೆಚ್ಚು ನೋಯುತ್ತಿತ್ತು.

ದೀಕ್ಷೆ ಹತ್ತಿರ ಬಂತು. ಕಿಟಕಿ ಒರೆಸುತ್ತಿದ್ದ ಸೊಸೆ ಸುರೇಖಾ ಆ ಬಟ್ಟೆ ಎಳೆದು ಬಿಡಿಸಿದಳು.

"ಅತ್ತಿ, ಇದ್ಯಾತರ ಕೆಂಪು ಕಲೆರಿ? ಕುಂಕುಮ ಏನು?"

"ಕುಂಕುಮ ಅಲ್ಲವ್ವಾ, ಮೆಣಸಿನಕಾಯಿ," ಎಂದ ಹೊನ್ನವ್ವ ಹಾಗೇ ನಿಂತುಬಿಟ್ಟಳು.

ಕೊಟ್ರಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೂಗುತ್ತಿದ್ದ. ಕರಡಿಗೆಯ ಅಂಚಿಗೆ ಖಾರದ ಧೂಳು ಕೂತು ಎದೆ ಉರಿಯುತ್ತದೆಂದು, ಪೇಟೆಗೆ ಹೋಗುವಾಗ ಅದನ್ನು ತೆಗೆದಿಟ್ಟು, ಲಿಂಗವನ್ನು ಈ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದ. ಕರಡಿಗೆ ಹೊರಗೆ ಬರುತ್ತಿದ್ದುದು ಹಬ್ಬಕ್ಕೆ, ಮದುವೆಗೆ. ದುಡಿದ ದಿನಗಳೆಲ್ಲ ಅವನ ಎದೆಯ ಮೇಲಿದ್ದದ್ದು ಈ ಬಟ್ಟೆ. ಹೊನ್ನವ್ವನಿಗೆ ಅಳುವೂ ಬಂತು, ನಗುವೂ ಬಂತು.

"ಎಂಥಾ ಪೆದ್ದ ಕಳ್ಳರ ಸುರೇಖಾ! ಪೆಟ್ಟಿಗ್ಯಾಗಿಂದು ಒಯ್ದು, ಎದಿ ಮ್ಯಾಲಿಂದು ಬಿಟ್ಟು ಹೋಗ್ಯಾರ."

"ನಾವರ ಏನ್ ಶ್ಯಾಣ್ಯಾರ್ರಿ? ಕಿಟಕಿಗೆ ತುರುಕಿದ್ವಿ."

"ಆತು ಬಿಡು. ನಾಳೆ ಬಣ್ಣದವರನ್ನ ಕರಸು. ಅರ್ಧ ಗ್ವಾಡಿ ಹಂಗ ಉಳದೈತಿ."

"ಹೆದರಿಕಿ ಇಲ್ಲೇನ್ರಿ?"

"ಐತಿ. ಹಂಗಂತ ಉಪಾಸ ದುಡಸಾಕ ಬರ್ತೈತೇನು? ರೊಟ್ಟಿ ನಾನ ಬಡಿತೇನಿ."

ಮರುದಿನ ಪೆಟ್ಟಿಗೆಗೆ ಬೀಗ ಜಡಿದಳು, ರೊಟ್ಟಿಯನ್ನೂ ಬಡಿದಳು. ಹೊಸಬರು ಉಣ್ಣುವಾಗ ಪಲ್ಯ ಸಾಕೋ ಬೇಕೋ ಎಂದು ಎದುರಿಗೇ ಕೂತು ವಿಚಾರಿಸಿದಳು.

ದೀಕ್ಷೆಯ ದಿನ, ತೊಳೆದು ಮಡಿ ಮಾಡಿದ ಆ ಬಟ್ಟೆಯಲ್ಲೇ ದೀಕ್ಷೆ ಕೊಡುವ ಅಯ್ಯನವರು ಲಿಂಗ ಕಟ್ಟಿ ಸುಶ್ಮಿತಾಳ ಕೊರಳಿಗೆ ಹಾಕಿದರು. ಹುಡುಗಿ ಎದೆಯ ಮೇಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

"ಅಜ್ಜಿ, ಅಜ್ಜನ ಬೆಳ್ಳಿ ಕರಡಿಗಿ?"

"ಅದು ಅಜ್ಜನ ಹಬ್ಬದ್ದವ್ವಾ," ಎಂದು ಹೊನ್ನವ್ವ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು. "ಇದು ದಿನದ್ದು."