ಧಾರಣೆ ಪುಟದ ಐದು ಸಾಲು

“ಹನ್ನೊಂದು ವರ್ಷ ಹಿಡೀತು ಕಣಮ್ಮ. ಊಟದ ಬಿಡುವನ್ನೆಲ್ಲ ಇದಕ್ಕೇ ಸುರಿದೆ. ನಲವತ್ತು ವರ್ಷದ ಪತ್ರಿಕೆ. ಸತ್ತವರು ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಇದರಲ್ಲಿ ಇಲ್ಲ ಅಂದ್ರೆ ಅಚ್ಚೇ ಆಗಿಲ್ಲ ಅಂತ ತಿಳ್ಕೋ.”

ಹೀಗೆಂದು ಅವರು ಮರದ ಸೆಳೆಖಾನೆಯನ್ನು ಒಳಕ್ಕೆ ತಳ್ಳಿದರು. ಪತ್ರಿಕೆಯ ಹಳೆಯ ಸಂಚಿಕೆಗಳ ಆ ಕೋಣೆಯಲ್ಲಿ ಎಲ್ಲರಿಗೂ ಅವರು ಕಾರ್ಡಮ್ಮ. ನಿವೃತ್ತರಾಗಿ ಹದಿನಾಲ್ಕು ವರ್ಷ ಕಳೆದರೂ ವಾರಕ್ಕೆ ಮೂರು ದಿನ ಬಂದು, ತಮ್ಮ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡದೆ ಕೂರುತ್ತಿದ್ದರು.

ಎದುರಿಗೆ ನಿಂತಿದ್ದ ನರ್ಸ್ ಆಸ್ಪತ್ರೆಯ ಕೆಲಸ ಮುಗಿಸಿ ನೇರವಾಗಿ ಬಂದಿದ್ದಳು. ಅವಳ ತಾಯಿ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ, ಎದ್ದುಹೋಗಲು ಅಪ್ಪಣೆ ಕಾಯುವವರಂತೆ ಕುಳಿತಿದ್ದರು.

“ನಡಿಯೇ, ಹೋಗೋಣ. ಐವತ್ತೈದು ವರ್ಷ ಸಿಗದ ಅಪ್ಪ ಈಗ ಡ್ರಾಯರಲ್ಲಿ ಸಿಕ್ತಾನಾ?”

ಆ ತಂದೆ ದುಡಿಯುತ್ತಿದ್ದುದು ಈ ಊರಿನ ಹತ್ತಿ ಗಿರಣಿಯಲ್ಲಿ. ಮಗಳು ಹುಟ್ಟಿದ್ದು ದೂರದ ಅಜ್ಜಿಯ ಮನೆಯಲ್ಲಿ. ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಳು. ಹೆಣ್ಣೆಂದು ತಿಳಿದು ಅಪ್ಪ ಮುಖ ತಿರುಗಿಸಿಕೊಂಡು ಹೋದನೆಂದು ಸಾಕಿದ ಸೋದರಮಾವ ಹೇಳಿದ್ದ, ಬೈಯುವಾಗಲೆಲ್ಲ ಹೇಳಿದ್ದ. ಆದರೆ ಕಳೆದ ವಾರ ವಾರ್ಡಿಗೆ ಬಂದ, ಅದೇ ಗಿರಣಿಯಲ್ಲಿ ದುಡಿದಿದ್ದ ಮುದುಕನೊಬ್ಬ, ಅಜ್ಜನ ಹೆಸರು ಕೇಳಿ, ನರ್ಸಿಗೆ ಬೇರೆಯೇ ಮಾತು ಹೇಳಿದ. ಅವಳ ಅಜ್ಜ ಓಡಿಹೋಗಲಿಲ್ಲ. ಬಾಯ್ಲರ್ ಸಿಡಿದು ಸತ್ತ. ತಾಯಿ ನಂಬಲಿಲ್ಲ. ಅಚ್ಚಿನಲ್ಲಿದ್ದರೆ ತೋರಿಸು ಎಂದಿದ್ದರು.

“ಜ್ವರದಲ್ಲಿ ಏನೋ ಬಡಬಡಿಸಿರ್ತಾನೆ ಬಿಡು,” ಎಂದರು ತಾಯಿ ಈಗಲೂ.

“ಸಂಜೆ ಏಳರ ಸೈರನ್ ಆಗ್ತಾ ಇತ್ತು ಅಂತ ಕೂಡ ಹೇಳಿದ ಕಣಮ್ಮ. ಅಷ್ಟೆಲ್ಲ ಯಾರಾದ್ರೂ ಸುಳ್ಳು ಹೆಣೀತಾರಾ?”

ಕಾರ್ಡಮ್ಮ ತಟ್ಟನೆ ತಲೆಯೆತ್ತಿದರು. “ಏನಂದೆ? ಸಂಜೆ ಏಳಾ?”

ಆ ಕಾಲದಲ್ಲಿ ಮರಣವಾರ್ತೆಯ ಪುಟವನ್ನು ಆರಕ್ಕೇ ಮುಗಿಸಿ ಕಟ್ಟಿಬಿಡುತ್ತಿದ್ದರು. ಅನಂತರವೂ ತೆರೆದಿರುತ್ತಿದ್ದುದು ಪೇಟೆಧಾರಣೆಯ ಪುಟ ಒಂದೇ. ದೂರದ ಪೇಟೆಗಳ ದರ ತಡವಾಗಿ ತಲುಪುತ್ತಿತ್ತು. ತಡವಾಗಿ ಬಂದ ಸಾವನ್ನು ಅಚ್ಚುಮೊಳೆ ಜೋಡಿಸುವ ಮೇಸ್ತ್ರಿ, ಎರಡು ದರ ಕಿತ್ತು, ಅಲ್ಲಿಯೇ ಸೇರಿಸುತ್ತಿದ್ದ. ಇದು ಅವರಿಗೆ ಗೊತ್ತಿತ್ತು. ಆದರೂ ಕಾರ್ಡು ಬರೆದ ಹನ್ನೊಂದು ವರ್ಷ ಒಮ್ಮೆಯೂ ಆ ಪುಟವನ್ನು ತೆರೆದಿರಲಿಲ್ಲ. ಹತ್ತಿ, ಎಣ್ಣೆಗಳ ನಡುವೆ ಮನುಷ್ಯರನ್ನು ಹುಡುಕಬೇಕೆಂದು ಹೊಳೆದಿರಲಿಲ್ಲ.

“ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ಎಷ್ಟು ಜನಕ್ಕೆ ‘ಇಲ್ಲ’ ಅಂತ ಹೇಳಿ ಕಳಿಸಿದೀನೋ,” ಎಂದು ಎದ್ದರು. “ಏಣಿ ಹಿಡ್ಕೋ. ನಾನು ಬಿದ್ದರೆ ನನ್ನ ಕಾರ್ಡು ನೀನೇ ಬರೀಬೇಕು.”

ತಾಯಿ ಹುಟ್ಟಿದ ತಿಂಗಳ ಸಂಪುಟದಲ್ಲಿ ಏನೂ ಇರಲಿಲ್ಲ. ಮುಂದಿನ ತಿಂಗಳ ಒಂಬತ್ತನೆಯ ತಾರೀಕಿನ ಪುಟದಲ್ಲಿ, ಎಣ್ಣೆಯ ದರದ ಕೆಳಗೆ, ಐದು ಸಣ್ಣ ಸಾಲುಗಳಿದ್ದವು. ಕಾರ್ಡಮ್ಮ ಗಂಟಲು ಸರಿಪಡಿಸಿಕೊಂಡು ಓದಿದರು. ಮೊದಲು ಹೆಸರು, ಆಮೇಲೆ ಗಿರಣಿ, ಬಾಯ್ಲರ್, ನಿನ್ನೆ ಸಂಜೆ. ಕೊನೆಗೆ: “‘ಮೃತರು ಇಪ್ಪತ್ತು ದಿನಗಳ ಹಿಂದೆ ಜನಿಸಿದ ತಮ್ಮ ಮಗಳನ್ನು ನೋಡಲು ಇಂದು ಹೊರಡುವವರಿದ್ದು, ಅದಕ್ಕಾಗಿ ರಜೆಯನ್ನೂ ಪಡೆದಿದ್ದರೆಂದು ಜೊತೆಗಾರರು ತಿಳಿಸಿದ್ದಾರೆ.’”

ತಾಯಿ ಯಾವಾಗ ಬೆಂಚು ಬಿಟ್ಟೆದ್ದು ಬಂದರೋ ಇಬ್ಬರೂ ಗಮನಿಸಿರಲಿಲ್ಲ.

“ರಜೆ ಕೊಟ್ಟಿದ್ರಾ?”

“ಕೊಟ್ಟಿದ್ರಮ್ಮ,” ಎಂದರು ಕಾರ್ಡಮ್ಮ. “ಇಲ್ಲೇ ಇದೆ ನೋಡಿ.”

ತಾಯಿ ಕಾರ್ಡಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡರು. ಕಣ್ಣಿಗೊತ್ತಿಕೊಂಡರು.

“ನನಗಲ್ಲ ತಾಯಿ. ನಾನು ಇಲ್ಲ ಅಂದವಳು. ನೆನೆಯೋದಾದ್ರೆ ಆ ಮೇಸ್ತ್ರೀನ ನೆನೀರಿ. ಎರಡು ದರ ಕಿತ್ತುಹಾಕಿ ನಿಮ್ಮಪ್ಪನಿಗೆ ಜಾಗ ಕೊಟ್ಟ ಪುಣ್ಯಾತ್ಮ.”

ತಾಯಿ ಸ್ಟೂಲೊಂದನ್ನು ಎಳೆದುಕೊಂಡು ಎದುರಿಗೇ ಕುಳಿತರು; ಮಡಿಲಲ್ಲಿ ಕೈಗಳನ್ನು ಮಡಚಿಟ್ಟುಕೊಂಡರು, ಶಾಲೆಗೆ ಸೇರಿದ ಮೊದಲ ದಿನದ ಹುಡುಗಿಯಂತೆ.

“ಇನ್ನೊಂದ್ಸಲ ಓದಿ,” ಎಂದರು. “ಹೆಸರಿಂದ. ನಿಧಾನಕ್ಕೆ.”

ಕಾರ್ಡಮ್ಮ ಮೊದಲ ಸಾಲಿನ ಕೆಳಗೆ ಬೆರಳಿಟ್ಟರು.