ಬಿದ್ದ ಹಲ್ಲು, ಕಿತ್ತ ಹಲ್ಲು

ನಾನು ಗಂಟಲಿನ ದಾರಿಯಲ್ಲಿ ಇಳಿದು ಹೃದಯವನ್ನು ನೋಡುವ ಕೊಳವೆ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ನನ್ನ ತುದಿಗೆ ಒಂದು ಸಣ್ಣ ಹರಳನ್ನು ಕೂಡಿಸಿದರು. ಅದು ಕಣ್ಣಲ್ಲ, ಕಿವಿ. ಮನುಷ್ಯರಿಗೆ ಕೇಳಿಸದ ಸದ್ದನ್ನು ಕಳಿಸಿ, ಅದರ ಮರುದನಿಯಿಂದ ಪರದೆಯ ಮೇಲೆ ಚಿತ್ರ ಬರೆಯುತ್ತೇನೆ. ಅನ್ನನಾಳದಲ್ಲಿ ನಿಂತರೆ ಹೃದಯ ನನಗೆ ಗೋಡೆಯಾಚೆಯ ನೆರೆಮನೆ.

ಮೊದಲು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೆ ಹೊಸ ಯಂತ್ರ ಬಂದಾಗ ಹುಬ್ಬಳ್ಳಿಗೆ ಬಂದೆ, ಸಿಸ್ಟರ್ ಎಸ್ತೇರಳ ಕೈಗೆ. ಅವಳು ಪ್ರತಿ ರೋಗಿಯ ನಂತರ ನನ್ನನ್ನು ತಿಕ್ಕಿ ತೊಳೆದು, ಔಷಧದ ನೀರಿನಲ್ಲಿ ಮುಳುಗಿಸಿ, ಮೈಯಲ್ಲಿ ಸೀಳು ಬಿದ್ದಿದೆಯೇ ಎಂದು ಪರೀಕ್ಷಿಸಿ ತೂಗುಹಾಕುತ್ತಿದ್ದಳು. "ಒಬ್ಬರ ಎಂಜಲು ಇನ್ನೊಬ್ಬರಿಗೆ ಮುಟ್ಟಬಾರದಪಾ," ಎಂದು ನನಗೇ ಹೇಳುತ್ತಿದ್ದಳು. ನಾನು ಉತ್ತರ ಕೊಡುವವನಲ್ಲ ಎಂಬುದು ಅವಳಿಗೆ ಇಷ್ಟವಿತ್ತೇನೋ.

ಒಂದು ಬೆಳಿಗ್ಗೆ ಸಾವಂತ್ರೆವ್ವ ಬಂದಳು. ಹಿಂದಿನ ವರ್ಷ ಅವಳ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ಈಗ ಜ್ವರ ಇಳಿಯುತ್ತಿರಲಿಲ್ಲ. ಕವಾಟಕ್ಕೆ ಸೋಂಕು ತಗಲಿದೆಯೇ ಎಂದು ನಾನು ನೋಡಬೇಕಿತ್ತು. ತಗಲಿದ್ದು ತಿಳಿಯದೆ ಹೋದರೆ ಅವಳು ಉಳಿಯುವುದು ಕಷ್ಟ.

"ಹಲ್ಲು ಏನರ ಕೀಳಿಸಿದ್ರ್ಯಾ?" ಡಾಕ್ಟರ್ ಇನಾಮದಾರ ಮೇಡಂ ಕೇಳಿದರು.

"ಇಲ್ರಿ. ಒಂದು ಬಿದ್ದೈತಿ ಅಷ್ಟ."

ಅವಳ ಗಂಡ ಫಕೀರಪ್ಪ ಬಾಗಿಲ ಬಳಿ ಟವೆಲ್ಲು ಹಿಂಡುತ್ತ ನಿಂತಿದ್ದ. ಅವನ ಕಣ್ಣು ನನ್ನ ಮೇಲೆ. "ಮೇಡಂ, ಈ ಪೈಪು ಒಳಗ ಇಳಿಸೂಕಿಂತ ಮೊದಲ ನಂಜಿಗೆ ಒಂದು ಇಂಜೆಕ್ಷನ್ ಮಾಡ್ರಿ. ಹೊರಗಿಂದ ಹುಳಾ ಗಿಳಾ ಹೋದ್ರ?"

"ಇದಕ್ಕ ಬೇಕಾಗಂಗಿಲ್ಲ. ನಮ್ಮ ಎಸ್ತೇರ ಇದನ್ನ ಕೂಸಿಗೆ ಎರದಂಗ ತೊಳೀತಾಳ. ಅದು ಬೇಕಾಗೂದು ಹಲ್ಲು ಕೀಳಿಸುವಾಗ. ವಸಡಿನ್ಯಾಗಿನ ಹುಳಾ ರಕ್ತದಾಗ ಸೇರಿ, ಹಾಕಿದ ಕವಾಟದ ಮ್ಯಾಲೆ ಮನಿ ಕಟ್ಟತಾವು. ಅದಕ್ಕ ಕೀಳೂ ಮೊದಲ ನಂಜಿನ ಗುಳಿಗಿ ನುಂಗಬೇಕು. ಡಿಸ್ಚಾರ್ಜ್ ದಿನ ಹೇಳಿದ್ವಲ್ಲ?"

ಸಾವಂತ್ರೆವ್ವ ತುಟಿ ಬಿಗಿದು ಗಂಡನತ್ತ ನೋಡಿದಳು. ನಾನು ಎಷ್ಟೋ ಬಾಯಿಗಳೊಳಗೆ ಹೋಗಿಬಂದವನು. ಬಾಯಿ ಮುಚ್ಚಿದಾಗಲೇ ಮನುಷ್ಯರು ಹೆಚ್ಚು ಹೇಳುತ್ತಾರೆ.

"ಅದು ಬಿದ್ದಿದ್ದಲ್ರಿ," ಎಂದ ಫಕೀರಪ್ಪ. "ನಾನ ದಾರ ಕಟ್ಟಿ, ಬಾಗಲಕ್ಕ ಬಿಗದು ಜಗ್ಗೀನಿ."

"ಸುಮ್ನಿರ್ರಿ," ಎಂದಳು ಸಾವಂತ್ರೆವ್ವ. "ಅಲಗ್ಯಾಡತಿತ್ತು. ಇವರು ಜಗ್ಗದಿದ್ರೂ ಬೀಳತಿತ್ತು."

"ಯಾವಾಗ?"

"ಜ್ವರಾ ಬರೂಕ್ಕಿಂತ ಮೊದಲ್ರಿ."

ಮೇಡಂ ಬಯ್ಯಲಿಲ್ಲ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿ, ನಿದ್ದೆಯ ಮಂಪರು ಬರಿಸಿ, ನನ್ನನ್ನು ಕಚ್ಚದಿರಲೆಂದು ಹಲ್ಲುಗಳ ನಡುವೆ ಬಳೆಯಂಥ ಕಾಪು ಇಟ್ಟರು. ಆ ಹಲ್ಲಿನ ಖಾಲಿ ಜಾಗ ದಾಟಿ ನಾನು ಇಳಿದೆ. ಕವಾಟದ ಅಂಚಿನಲ್ಲಿ ಪಾಚಿಯಂತೆ ಒಂದು ಗಂಟು, ಪ್ರತಿ ಬಡಿತಕ್ಕೂ ಅಲುಗುತ್ತಿತ್ತು. ನಾನು ಚಿತ್ರ ತೋರಿಸಿದೆ. ಕೂಗಿ ಹೇಳಲು ನನಗೆ ಬರುವುದಿಲ್ಲ.

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ವಾರಗಟ್ಟಲೆ ಅವಳ ನರಕ್ಕೆ ಆ್ಯಂಟಿಬಯೋಟಿಕ್ ಹರಿಯಿತು. ಫಕೀರಪ್ಪ ಮಂಚದ ಕೆಳಗೇ ಮಲಗುತ್ತಿದ್ದನಂತೆ. ಎಸ್ತೇರ ನನ್ನನ್ನು ತೊಳೆಯುವಾಗ ಹೇಳಿದಳು. ಮತ್ತೆ ಒಳಗಿಳಿದಾಗ ಗಂಟು ಕರಗಿತ್ತು. ಆ ನೆರೆಮನೆ ಎಷ್ಟು ನಿರುಮ್ಮಳವಾಗಿತ್ತು!

ಮುಂದೊಂದು ದಿನ ಎಸ್ತೇರಳ ಪರೀಕ್ಷೆಯಲ್ಲಿ ನನ್ನ ಮೈಯಲ್ಲೇ ಒಂದು ಸೀಳು ಕಂಡಿತು. ಯಾರೋ ಕಚ್ಚಿದ ಗುರುತು, ಕೂದಲೆಳೆಯಷ್ಟು. ಅಲ್ಲಿ ಹುಳು ಅಡಗಬಹುದು. ತೊಳೆದರೆ ಸಾಲದು. ಅವಳು ನನ್ನನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತು, ಆಮೇಲೆ ಗಾಜಿನ ಕಪಾಟಿನಲ್ಲಿಟ್ಟಳು. ಈಗ ನನ್ನನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಾರೆ.

ಕಪಾಟಿನಿಂದ ಬಾಗಿಲು ಕಾಣುತ್ತದೆ. ಮೊನ್ನೆ ಆ ಗಂಡಹೆಂಡತಿ ಬಂದಿದ್ದರು. ಫಕೀರಪ್ಪ ಹೆಂಡತಿಯ ಬಾಯಿಯತ್ತ ಬೆರಳು ತೋರಿಸಿ, "ಇನ್ನೊಂದು ಅಲಗ್ಯಾಡಾಕತ್ತೈತ್ರಿ ಮೇಡಂ," ಎಂದ.

"ದಾರ ತಂದೀಯೇನಪಾ?" ಎಂದರು ಮೇಡಂ.

ಅವನು ತಲೆ ತಗ್ಗಿಸಿದ. ಸಾವಂತ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಸೆರಗು ಸರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಬೀಳೂದಲ್ರಿ. ಕೀಳಿಸೂದು. ಮೊದಲ ಗುಳಿಗಿ ಬರಕೊಡ್ರಿ."